ಕುದುರೆ ಬೆನ್ನಿನ ಆರು ದಿನಕ್ಕೆ ಏನೇನು ಕಟ್ಟಿಕೊಳ್ಳಬೇಕು? ಶಿರಸಿಯ ಗಂಟು, ಸ್ಪಿತಿಯ ಜೀನು

ಆರು ದಿನದ ಕುದುರೆ ಸವಾರಿಯ ಮೂರನೇ ದಿನ ಮಧ್ಯಾಹ್ನ ನನ್ನ ಕುದುರೆ ನನ್ನನ್ನು ಬಿಟ್ಟು ಹೋಯಿತು. ಹಳ್ಳದ ಹತ್ತಿರ ಇಳಿದಿದ್ದೆ. ಕಟ್ಟೋಣ ಅಂದರೆ ಹಿಮಾಚಲ ಪ್ರದೇಶದ ಸ್ಪಿತಿಯ ಆ ಬಯಲಿನಲ್ಲಿ ಒಂದು ಮರವಿಲ್ಲ. ಲಗಾಮನ್ನು ಕಲ್ಲಿನ ಮೇಲೆ ಸುಮ್ನೆ ಇಟ್ಟು ಮುಖ ತೊಳೆಯಲು ಬಗ್ಗಿದೆ. ಅಷ್ಟರಲ್ಲಿ ಮುಂದಿದ್ದ ಕುದುರೆಗಳು ಗುಡ್ಡದ ತಿರುವಿನಲ್ಲಿ ಮರೆಯಾದವು. ನನ್ನದು ಒಮ್ಮೆ ತಲೆ ಎತ್ತಿ ನೋಡಿತು, ಅವುಗಳ ಹಿಂದೆಯೇ ಹೊರಟುಬಿಟ್ಟಿತು.

ಜಾಕೆಟ್ಟು ಜೀನಿಗೆ ಕಟ್ಟಿತ್ತು. ನೀರು, ಫೋನು, ಬಿಸ್ಕೀಟು, ಮಾತ್ರೆ ಎಲ್ಲ ಜೀನಿನ ಚೀಲದಲ್ಲಿ. ನನ್ನ ಕೈಯಲ್ಲಿ ಉಳಿದದ್ದು ಒದ್ದೆಯಾದ ಒಂದು ಪಾಣಿಪಂಚೆ. ಅಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ. ಕುದುರೆಯವರು ಅದನ್ನು ಹಿಡಿದುಕೊಂಡು ವಾಪಸ್ ಬರಲು ಒಂದು ಗಂಟೆಗೂ ಜಾಸ್ತಿ ಹಿಡಿಯಿತು. ನಾನು ಬಂಡೆಯ ಮರೆಯಲ್ಲಿ ಮುದುಡಿ ಕೂತು ನಡುಗುತ್ತಿದ್ದೆ. ನಾಲ್ಕು ತಿಂಗಳು ಕೂತು ತಯಾರಿ ಮಾಡಿದ್ದೆ, ಸಾಮಾನು ಸರಿಯಾಗಿಯೇ ಇತ್ತು. ಇಟ್ಟ ಜಾಗ ಮಾತ್ರ ತಪ್ಪು.

ಹಾಗಾಗಿ ಯಾವ ಪ್ಯಾಂಟು, ಯಾವ ಬೂಟು ಎಂಬ ಹೋಲಿಕೆಗೆ ಮೊದಲು ಒಂದು ಮಾತು. ಯಾವುದೇ ವಸ್ತುವನ್ನು ಕೈಯಲ್ಲಿ ಹಿಡಿದಾಗ ಕೇಳಿಕೊಳ್ಳಿ, ಇದು ನನ್ನ ಮೈಮೇಲೆ ಇರಬೇಕೋ, ಜೀನಿಗೆ ಕಟ್ಟಬೇಕೋ, ಹೊರೆ ಕುದುರೆಗೆ ಹಾಕಬೇಕೋ? ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ನಮ್ಮ ಕೊನೆಗೌಡರನ್ನು ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮರದಿಂದ ಮರಕ್ಕೆ ಹಾಯುವ ಮನುಷ್ಯ ಕತ್ತಿಯನ್ನು ಕೆಳಗೆ ಬುಟ್ಟಿಯಲ್ಲಿ ಬಿಟ್ಟು ಹತ್ತುವುದಿಲ್ಲ, ಅದು ಸೊಂಟದಲ್ಲೇ ಇರುತ್ತದೆ. ಕೆಳಗೆ ಬರುವ ಪ್ರತಿ ಹೋಲಿಕೆಯಲ್ಲೂ ನನಗೆ ದೊಡ್ಡ ಪ್ರಶ್ನೆ ಅದೇ.

ಎರಡು ಊರು, ಎರಡು ಗಂಟು

ಹೋದದ್ದು ನಾನು ಮತ್ತು ಕಾರವಾರದಲ್ಲಿರುವ ನನ್ನ ಚಿಕ್ಕಪ್ಪನ ಮಗ. ನಾನು ಶಿರಸಿಯ ಮಳೆಗೆ ಹೆದರಿದವಳ ಹಾಗೆ ಗಂಟು ಕಟ್ಟಿದ್ದೆ. ದೊಡ್ಡ ಪ್ಲಾಸ್ಟಿಕ್ ರೇನ್‌ಕೋಟು, ಗಮ್‌ಬೂಟು, ಕೊಡೆ ಕೂಡ. ಅವನು ಕಾರವಾರದ ಬೆವರಿಗೆ ತಕ್ಕ ಹಾಗೆ ಕಟ್ಟಿದ್ದ. ತೆಳು ಹತ್ತಿ ಅಂಗಿ ಎಂಟು, ಚಡ್ಡಿ, ಚಪ್ಪಲಿ, ಒಂದು ಜೀನ್ಸು. ಇಬ್ಬರದೂ ತಪ್ಪು ಲೆಕ್ಕ.

ಸ್ಪಿತಿ ಮಳೆಯ ಮರೆಯಲ್ಲಿರುವ ಜಾಗ. ಶಿರಸಿಯಲ್ಲಿ ಒಂದು ಜುಲೈ ತಿಂಗಳಲ್ಲಿ ಸುರಿಯುವಷ್ಟು ಮಳೆ ಅಲ್ಲಿ ಇಡೀ ವರ್ಷಕ್ಕೆ ಬೀಳುವುದಿಲ್ಲ. ಆದರೆ ಎತ್ತರ ಬೇರೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಸ್ಪಿತಿಯ ಮುಖ್ಯ ಊರಾದ ಕಾಜಾ ಸುಮಾರು 3,650 ಮೀಟರ್. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕ ಹಿಡಿದರೆ, ಇಲ್ಲಿಗಿಂತ ಅಲ್ಲಿ ಇಪ್ಪತ್ತು ಡಿಗ್ರಿ ಕಡಿಮೆ. ಸೆಪ್ಟೆಂಬರ್ ರಾತ್ರಿ ಸೊನ್ನೆಯ ಹತ್ತಿರ ಬರುತ್ತದೆ. ಹಗಲು ಬಿಸಿಲು ಮಾತ್ರ ಚುಚ್ಚುತ್ತದೆ. ಸಾವಿರ ಮೀಟರ್‌ಗೆ ನೇರಳಾತೀತ ಕಿರಣ ಸುಮಾರು ಶೇಕಡಾ 10ರಷ್ಟು ಜಾಸ್ತಿಯಾಗುತ್ತದೆ. ಅಂದರೆ ಒಂದೇ ದಿನದಲ್ಲಿ ನಮ್ಮ ಏಪ್ರಿಲ್ಲೂ ಇದೆ, ನಾವು ಕಾಣದ ಚಳಿಯೂ ಇದೆ, ಜೊತೆಗೆ ಧೂಳು, ಗಾಳಿ.

ಇನ್ನೊಂದು ಲೆಕ್ಕ ಕುದುರೆಯದು. ಸ್ಪಿತಿ ಕುದುರೆ ಸಣ್ಣ ಜಾತಿ, ಗಟ್ಟಿ ಕಾಲಿನದು. ಅಲ್ಲಿ ಚುಮುರ್ತಿ ಎನ್ನುತ್ತಾರೆ. ಕುದುರೆ ತನ್ನ ತೂಕದ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಹೊರಬಾರದು ಎನ್ನುವುದು ಸವಾರರು ಸಾಮಾನ್ಯವಾಗಿ ಹಿಡಿಯುವ ಅಳತೆ. ಮುನ್ನೂರು ಕೆಜಿ ಕುದುರೆ ಎಂದಿಟ್ಟುಕೊಳ್ಳಿ. ಅದಕ್ಕೆ ಅರವತ್ತು ಕೆಜಿ ಆಯಿತು, ಜೀನೂ ಸೇರಿ. ನಾನು 54 ಕೆಜಿ. ಜೀನು ಹತ್ತು ಕೆಜಿ ಅಂದರೂ ನಾನು ಬರಿಗೈಯಲ್ಲಿ ಕೂತಾಗಲೇ ಲೆಕ್ಕ ದಾಟಿತು! ತಮ್ಮನಂತೂ 78. ಅವನಿಗೆ ಗುಂಪಿನಲ್ಲೇ ದೊಡ್ಡ ಕುದುರೆ ಕೊಟ್ಟರು, ಕಡಿದಾದ ಏರಿನಲ್ಲಿ ಇಳಿದು ನಡೆಸಿದರು. ಇಳಿಜಾರಿನಲ್ಲಿ ಎಲ್ಲರೂ ನಡೆದೆವು. ಆದ್ದರಿಂದ ಒಂದು ಕೆಜಿ ಉಳಿಸಿದರೆ ಅದು ನಿಮ್ಮ ಅನುಕೂಲಕ್ಕಲ್ಲ, ಆ ಪ್ರಾಣಿಯ ಬೆನ್ನಿಗೆ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಪ್ಯಾಂಟು: ದುಡ್ಡು ಹಾಕಬೇಕಾದ ಜಾಗ

ಜೀನ್ಸು, ಟ್ರ್ಯಾಕ್ ಪ್ಯಾಂಟು, ಸಲ್ವಾರು, ಸವಾರಿಯ ಪ್ಯಾಂಟು. ಈ ನಾಲ್ಕನ್ನೂ ನಾವಿಬ್ಬರು ಸೇರಿ ಹಾಕಿ ನೋಡಿದೆವು.

ಜೀನ್ಸು ಗಟ್ಟಿ, ಹಾಗಾಗಿ ಸವಾರಿಗೆ ಒಳ್ಳೆಯದು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಗಟ್ಟಿ ನಿಜ. ಆದರೆ ಅದರ ಒಳಹೊಲಿಗೆ ನೋಡಿ. ತೊಡೆಯ ಒಳಭಾಗದಿಂದ ಮೊಣಕಾಲಿನವರೆಗೆ ಹಗ್ಗದ ಹಾಗೆ ದಪ್ಪಗೆ ಇಳಿದಿರುತ್ತದೆ. ನಡೆಯುವಾಗ ಅದು ಗೊತ್ತೇ ಆಗುವುದಿಲ್ಲ. ಜೀನಿನ ಮೇಲೆ ಕೂತಾಗ ಅದೇ ಹೊಲಿಗೆಯ ಮೇಲೆ ನಿಮ್ಮ ಮೊಣಕಾಲು ಒತ್ತಿಕೊಂಡಿರುತ್ತದೆ, ದಿನಕ್ಕೆ ಐದಾರು ಗಂಟೆ. ತಮ್ಮ ಮೊದಲ ದಿನ ಜೀನ್ಸ್ ಹಾಕಿದ. ಸಂಜೆ ಮೊಣಕಾಲಿನ ಒಳಗೆ ಚರ್ಮ ಸುಲಿದು ಕೆಂಪಾಗಿತ್ತು. ಎರಡನೇ ದಿನ "ಅಕ್ಕಾ, ನಾನು ನಡ್ಕೊಂಡೇ ಬರ್ತೇನೆ" ಅಂದ. ಜೀನ್ಸೇ ಬೇಕು ಅನ್ನುವವರು ಹಿಗ್ಗುವ ಬಟ್ಟೆಯದು, ಒಳಹೊಲಿಗೆ ಚಪ್ಪಟೆಯಾಗಿರುವುದು ಹುಡುಕಿ. ಒದ್ದೆಯಾದರೆ ಒಣಗುವುದು ಮಾರನೇ ದಿನವೂ ಅನುಮಾನ ಎನ್ನುವುದು ನೆನಪಿರಲಿ.

ಟ್ರ್ಯಾಕ್ ಪ್ಯಾಂಟಿನ ನೈಲಾನು ಜೀನಿನ ಮೇಲೆ ಜಾರುತ್ತದೆ. ಕಾಲು ಮೇಲಕ್ಕೆ ಸರಿದು ಪಿಂಡಲಿ ಬರಿದಾಗುತ್ತದೆ. ರಿಕಾಪಿನ (ಸವಾರ ಕಾಲಿಡುವ ಬಳೆಯ) ಚರ್ಮದ ಪಟ್ಟಿ ಅಲ್ಲೇ ಚಿವುಟುತ್ತದೆ. ಸಲ್ವಾರು ಮೆತ್ತಗೆ ಇದೆ, ಆದರೆ ಬಟ್ಟೆ ಮಡಿಕೆ ಮಡಿಕೆಯಾಗಿ ಕೆಳಗೆ ಸೇರುತ್ತದೆ, ಆ ಮಡಿಕೆಯೇ ಉಜ್ಜುತ್ತದೆ. ಕಾಲ ಬಳಿ ಅಗಲವಾಗಿದ್ದರೆ ಇಳಿಯುವಾಗ ಸಿಕ್ಕಿಕೊಳ್ಳುವ ಭಯವೂ ಇದೆ.

ಸವಾರಿಯ ಪ್ಯಾಂಟಿನಲ್ಲಿ ಹೊಲಿಗೆ ಕಾಲಿನ ಹೊರಬದಿಗೆ ಹೋಗಿರುತ್ತದೆ, ಮೊಣಕಾಲಿನ ಒಳಗೆ ಒಂದು ಒರಟು ತೇಪೆ ಇರುತ್ತದೆ. ಇದು ಹೊರಗಿನವರ ಉಡುಪು ಅಂತ ಸಂಕೋಚ ಬೇಡ. ಜೋಧ್‌ಪುರ್ ಎಂದು ಜಗತ್ತೆಲ್ಲ ಕರೆಯುವ ಸವಾರಿ ಪ್ಯಾಂಟು ನಮ್ಮ ರಾಜಸ್ಥಾನದ್ದೇ. ಜೋಧ್‌ಪುರದ ಸರ್ ಪ್ರತಾಪ್ ಸಿಂಗ್ 1897ರಲ್ಲಿ ರಾಣಿ ವಿಕ್ಟೋರಿಯಾಳ ವಜ್ರ ಮಹೋತ್ಸವಕ್ಕೆ ಇಂಗ್ಲೆಂಡಿಗೆ ಹೋದಾಗ ಅದು ಅಲ್ಲಿ ಎಲ್ಲರ ಕಣ್ಣಿಗೆ ಬಿತ್ತು. ಈಗಿನವು ಲೆಗ್ಗಿಂಗ್ಸಿನ ಹಾಗೆ ಹಿಗ್ಗುತ್ತವೆ. ಆರು ದಿನಕ್ಕೆ ಇಂಥವು ಎರಡು ಸಾಕು. ಕೊಳ್ಳುವಷ್ಟು ದುಡ್ಡು ಬೇಡ ಅನ್ನಿಸಿದರೆ, ಸೈಕಲ್ ಸವಾರರ ಮೆತ್ತೆ ಇರುವ ಚಡ್ಡಿ ಒಳಗೆ, ಮೇಲೆ ದಪ್ಪ ಹತ್ತಿ ಮಿಶ್ರಿತ ಲೆಗ್ಗಿಂಗ್ಸು. ನಾನು ಮೂರು ದಿನ ಹೀಗೇ ಓಡಿಸಿದೆ, ತೊಂದರೆ ಆಗಲಿಲ್ಲ. ಚಡ್ಡಿಯ ಅಂಚು ತೊಡೆಸಂದಿಯಲ್ಲಿ ಬರಬಾರದು, ಅಷ್ಟು ನೋಡಿಕೊಳ್ಳಿ. ಉಜ್ಜುವ ಜಾಗಕ್ಕೆ ಬೆಳಿಗ್ಗೆಯೇ ವ್ಯಾಸಲೀನ್ ಹಚ್ಚಿ. ಕೊಬ್ಬರಿ ಎಣ್ಣೆ ಒಯ್ದಿದ್ದೆ, ಚಳಿಗೆ ಕಲ್ಲಾಗಿ ಬಾಟಲಿಯಿಂದ ಹೊರಗೇ ಬರಲಿಲ್ಲ.

ಹೆಂಗಸರಿಗೆ ಎರಡು ಮಾತು ಬಿಡಿಸಿ ಹೇಳುತ್ತೇನೆ, ಯಾರೂ ಹೇಳುವುದಿಲ್ಲ. ಕುದುರೆ ಓಟದ ನಡಿಗೆ ಹಿಡಿದರೆ ಸಾಮಾನ್ಯ ಬ್ರಾ ಸಾಲುವುದಿಲ್ಲ, ಬಿಗಿಯಾದ ಸ್ಪೋರ್ಟ್ಸ್ ಬ್ರಾ ಬೇಕೇ ಬೇಕು. ಇನ್ನೊಂದು, ಮರವಿಲ್ಲದ ಬಯಲಿನಲ್ಲಿ ಮರೆ ಸಿಗುವುದಿಲ್ಲ. ಒಂದು ಲುಂಗಿ ಇಟ್ಟುಕೊಳ್ಳಿ. ಸುತ್ತಿಕೊಂಡು ಕೂರಲು, ಬಟ್ಟೆ ಬದಲಿಸಲು ಅದಕ್ಕಿಂತ ಒಳ್ಳೆಯದು ಇಲ್ಲ. ಮುಟ್ಟಿನ ದಿನಗಳಿದ್ದರೆ ಬಳಸಿದ್ದನ್ನು ವಾಪಸ್ ತರಲು ಬಿಗಿ ಮುಚ್ಚಳದ ಡಬ್ಬಿ ಬೇಕು. ಅಲ್ಲಿ ಹೂಳಿದ್ದು ಬೇಗ ಕೊಳೆಯುವುದಿಲ್ಲ.

ಕಂಬಳಿ ಬೇಕೋ, ಬೇಡವೋ

ಹೊರಡುವ ಹಿಂದಿನ ದಿನ ಆಯಿ (ಅಮ್ಮ) ಹಳೇ ಕಂಬಳಿ ತಂದು ಚೀಲದ ಮೇಲೆ ಇಟ್ಟಳು. "ಕಂಬ್ಳಿ ತಗಂಡ್ ಹೋಗೆ ತಂಗೀ, ಅಲ್ಲಿ ಚಳಿ ಇರ್ತು" ಅಂದಳು. ಎರಡು ಕೆಜಿಗೂ ಮಿಕ್ಕ ತೂಕ. ಸ್ಲೀಪಿಂಗ್ ಬ್ಯಾಗ್ ಇದೆ, ಜಾಕೆಟ್ ಇದೆ, ಇದೊಂದು ಹೊರೆ ಎಂದು ವಾದ ಮಾಡಿದೆ. ಕೊನೆಗೆ ಅರ್ಧಕ್ಕೆ ಕತ್ತರಿಸಿ ಒಯ್ದೆ. ಆ ಅರ್ಧ ಕಂಬಳಿಯೇ ಇಡೀ ಪ್ರಯಾಣದಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂತು.

ಮೊದಲು ಮೈಗೆ ಹತ್ತಿರದ ಬಟ್ಟೆಯ ಮಾತು ಮುಗಿಸುತ್ತೇನೆ. ಹತ್ತಿ, ಪಾಲಿಯೆಸ್ಟರ್, ಉಣ್ಣೆ. ಕರಾವಳಿಯಲ್ಲಿ ಹತ್ತಿಗೆ ಸಮನಾದದ್ದು ಇಲ್ಲ, ಬೆವರು ಹೀರಿ ತಂಪು ಕೊಡುತ್ತದೆ. ಅದೇ ಗುಣ ಅಲ್ಲಿ ದೋಷ. ಏರಿನಲ್ಲಿ ನಡೆದು ಬೆವರುತ್ತೀರಿ, ಮತ್ತೆ ಕುದುರೆ ಏರಿ ಗಾಳಿಗೆ ಕೂರುತ್ತೀರಿ. ಒದ್ದೆ ಹತ್ತಿ ಬೆನ್ನಿಗೆ ಅಂಟಿ ಮೈಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ತೆಳು ಉಣ್ಣೆಯ ಬನಿಯನ್ ಎರಡಿದ್ದರೆ ಆರು ದಿನ ಹೋಗುತ್ತದೆ. ಒದ್ದೆಯಾದರೂ ಬೆಚ್ಚಗಿರುತ್ತದೆ, ವಾಸನೆ ಕಡಿಮೆ. ಪಾಲಿಯೆಸ್ಟರ್ ಅಗ್ಗ, ಬೇಗ ಒಣಗುತ್ತದೆ, ಮೂರನೇ ದಿನಕ್ಕೆ ವಾಸನೆ ತಡೆಯಲಾಗುವುದಿಲ್ಲ. ಉಣ್ಣೆಯದು ಒಂದಕ್ಕೇ ದುಡ್ಡು ಇದೆ ಎಂದರೆ ಅದು ಒಂದು, ಪಾಲಿಯೆಸ್ಟರ್ ಒಂದು. ಅದರ ಮೇಲೆ ಫ್ಲೀಸು, ಅದರ ಮೇಲೆ ಗಾಳಿ ತಡೆಯುವ ಜಾಕೆಟ್ಟು. ದಪ್ಪ ಒಂದೇ ಜಾಕೆಟ್ಟಿಗಿಂತ ತೆಳುವಾದ ಮೂರು ಒಳ್ಳೆಯದು, ಯಾಕೆಂದರೆ ಹಗಲಿಗೂ ರಾತ್ರಿಗೂ ಅಷ್ಟು ವ್ಯತ್ಯಾಸ. ಕಳಚುವ, ಹಾಕುವ ಕೆಲಸ ಕುದುರೆ ನಿಂತಾಗ ಮಾತ್ರ, ಅದೂ ಇಳಿದು. ಎರಡೂ ಕೈ ತೋಳಿನಲ್ಲಿ ಸಿಕ್ಕಿರುವಾಗ ಅದು ಬೆದರಿದರೆ ಏನು ಮಾಡುತ್ತೀರಿ?

ಈಗ ಕಂಬಳಿ. ಅಲ್ಲಿನ ಹಳೇ ಜೀನುಗಳು ಮರದ ಚೌಕಟ್ಟಿನವು, ಮೇಲೆ ಒಂದು ಜಮಖಾನೆ ಹಾಸಿರುತ್ತಾರೆ. ಕೂತರೆ ಮೂಳೆಗೆ ತಾಗುತ್ತದೆ. ಅಂಗಡಿಯಲ್ಲಿ ಜೆಲ್ ತುಂಬಿದ ಸೀಟ್ ಹೊದಿಕೆ ಸಿಗುತ್ತದೆ. ಅದು ಸೈಕಲ್ಲಿಗೆ ಸರಿ. ಚಳಿಗೆ ಗಟ್ಟಿಯಾಗುತ್ತದೆ, ಜೀನಿನ ಮೇಲೆ ಸರಿಯುತ್ತದೆ. ಮಡಿಸಿದ ಕಂಬಳಿ ಸರಿಯುವುದಿಲ್ಲ, ಒರಟು ಉಣ್ಣೆ ಹಿಡಿದುಕೊಳ್ಳುತ್ತದೆ. ಹಗಲು ಅದರ ಮೇಲೆ ಕೂತೆ. ಊಟಕ್ಕೆ ಇಳಿದಾಗ ಅದೇ ಹಾಸು. ರಾತ್ರಿ ಸ್ಲೀಪಿಂಗ್ ಬ್ಯಾಗಿನ ಮೇಲೆ ಹೊದಿಕೆ. ಕುದುರೆಯ ಬೆನ್ನಿಗೆ ನೇರ ತಾಗುವ ಹಾಸು ಬೇರೆಯೇ ಇರುತ್ತದೆ, ಅದರಲ್ಲಿ ನಮ್ಮದನ್ನು ಸೇರಿಸಲು ಹೋಗಬೇಡಿ. ಒಂದು ಮಡಿಕೆ ಹೆಚ್ಚಾದರೂ ಅದರ ಬೆನ್ನಿಗೆ ಗಾಯವಾಗುತ್ತದೆ.

ಹಾಗಂತ ಸ್ಲೀಪಿಂಗ್ ಬ್ಯಾಗಿನ ಬದಲು ಕಂಬಳಿ ಸಾಕು ಅನ್ನುವುದಿಲ್ಲ. ಸೊನ್ನೆ ಡಿಗ್ರಿಗೆ ಎರಡು ಕಂಬಳಿಯೂ ಸಾಲದು, ಅಷ್ಟು ತೂಕ ಹೊರಿಸುವುದು ಅನ್ಯಾಯ. ಮೈನಸ್ ಐದು ಅಥವಾ ಹತ್ತು ಡಿಗ್ರಿಯ ಸ್ಲೀಪಿಂಗ್ ಬ್ಯಾಗು, ಜೊತೆಗೆ ಅರ್ಧ ಕಂಬಳಿ. ಇದು ನನ್ನ ಜೋಡಿ.

ಮಳೆಗೆ ಏನು? ಸ್ಪಿತಿಯಲ್ಲೂ ಒಮ್ಮೊಮ್ಮೆ ಹನಿಯುತ್ತದೆ, ಬೇರೆ ಕಡೆಗೆ ಹೋಗುವವರಿಗೆ ಜೋರಾಗಿಯೇ ಸಿಗುತ್ತದೆ. ಕೊಡೆ ಮನೆಯಲ್ಲೇ ಇರಲಿ. ಬಿಚ್ಚಿದ ಸದ್ದಿಗೇ ಕುದುರೆ ಹಾರುತ್ತದೆ. ಪೊಂಚೋ ಜೀನನ್ನೂ ಮುಚ್ಚುತ್ತದೆ ಎಂದು ಒಳ್ಳೆಯದಾಗಿ ಕಾಣುತ್ತದೆ. ಗಾಳಿಗೆ ಅದು ಪಟಪಟ ಹೊಡೆದುಕೊಳ್ಳುತ್ತದೆ, ಕುದುರೆಗೆ ಹಿಂದಿನಿಂದ ಏನೋ ಬಂತು ಅನ್ನಿಸುತ್ತದೆ. ನಮ್ಮ ಪೇಟೆಯ ದಪ್ಪ ಪ್ಲಾಸ್ಟಿಕ್ ರೇನ್‌ಕೋಟು ನಡೆದರೆ ಚರಚರ ಎನ್ನುತ್ತದೆ, ಅದೂ ಬೇಡ. ಸೊಂಟದವರೆಗಿನ ಟ್ರೆಕ್ಕಿಂಗ್ ಜಾಕೆಟ್ಟಿನಲ್ಲಿ ತೊಡೆ, ಕೂರುವ ಜಾಗ ನೆನೆಯುತ್ತದೆ. ಮೊಣಕಾಲಿನವರೆಗೆ ಬರುವ, ಹಿಂದೆ ಸೀಳಿರುವ, ಮೆತ್ತನೆ ಬಟ್ಟೆಯ ಮಳೆಕೋಟು ಸಿಕ್ಕರೆ ಅದೇ ಸರಿ. ಸೀಳಿನ ಎರಡು ಭಾಗ ಜೀನಿನ ಎರಡು ಬದಿಗೆ ಬೀಳಬೇಕು. ತಲೆಯಿಂದ ಬೆನ್ನಿಗೆ ಇಳಿಬಿಡುವ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಯಲ್ಲಿ ನೆಟ್ಟಿ ಮಾಡಿದವರಿಗೆ ಅದರ ಬೆಚ್ಚಗು ಗೊತ್ತು. ಆದರೆ ಕೊಪ್ಪೆ ಹೆಲ್ಮೆಟ್ಟಿನ ಮೇಲೆ ನಿಲ್ಲುವುದಿಲ್ಲ, ಅಕ್ಕಪಕ್ಕ ಕಾಣುವುದೂ ಇಲ್ಲ.

ಕಾಲಿಗೆ, ತಲೆಗೆ

ಬೂಟಿನ ಲೆಕ್ಕ ಬೇರೆಯೇ. ನಡೆಯಲು ಒಳ್ಳೆಯ ಬೂಟು ರಿಕಾಪಿಗೆ ಕೆಟ್ಟದ್ದಾಗಬಹುದು. ಬಿದ್ದಾಗ ಕಾಲು ರಿಕಾಪಿನಲ್ಲಿ ಸಿಕ್ಕಿಕೊಂಡರೆ ಕುದುರೆ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ, ಸವಾರಿಯಲ್ಲಿ ಅದಕ್ಕಿಂತ ಭಯದ್ದು ಇಲ್ಲ. ಹಾಗಾಗಿ ಎರಡು ಗುಣ ಬೇಕು. ಕಾಲು ಮುಂದಕ್ಕೆ ತೂರಿ ಹೋಗದ ಹಾಗೆ ತಡೆಯಲು ಸುಮಾರು ಒಂದು ಇಂಚಿನ ಹಿಮ್ಮಡಿ, ಹಿಂದಕ್ಕೆ ಸಲೀಸಾಗಿ ಜಾರಿ ಬರಲು ಹೆಚ್ಚು ಹಲ್ಲಿಲ್ಲದ ತಳ.

ನನ್ನ ಗಮ್‌ಬೂಟು ಅಗಲ, ರಿಕಾಪಿನಲ್ಲಿ ಬಿರಡೆಯ ಹಾಗೆ ಕೂತಿತು. ಕಾಜಾದಲ್ಲೇ ಬಿಟ್ಟೆ. ಸ್ಪೋರ್ಟ್ಸ್ ಶೂಗೆ ಹಿಮ್ಮಡಿಯೇ ಇಲ್ಲ. ದಪ್ಪ ಹಲ್ಲಿನ ಟ್ರೆಕ್ಕಿಂಗ್ ಬೂಟು ರಿಕಾಪಿಗೆ ಕಚ್ಚಿಕೊಳ್ಳುತ್ತದೆ. ಮೊಣಕಾಲಿನವರೆಗಿನ ಸವಾರಿ ಬೂಟು ಚೆಂದ, ಆದರೆ ಇಳಿಜಾರಿನಲ್ಲಿ ಎರಡು ಗಂಟೆ ನಡೆದು ನೋಡಿ, ಬೆರಳೆಲ್ಲ ಬೊಬ್ಬೆ. ನಾವು ದಿನಕ್ಕೆ ಒಂದೆರಡು ಗಂಟೆ ನಡೆಯುವವರು. ಕಣಕಾಲು ಮುಚ್ಚುವ, ಹಿಮ್ಮಡಿ ಇರುವ, ಹಲ್ಲು ಸಣ್ಣಗಿರುವ ಚರ್ಮದ ಬೂಟು ನಮಗೆ ಸರಿ. ಹೊರಡುವ ಮೊದಲು ಒಂದು ತಿಂಗಳು ಹಾಕಿ ತೋಟ ಸುತ್ತಿ ಹದ ಮಾಡಿಕೊಳ್ಳಿ. ಬೂಟಿನ ಎರಡು ಬದಿಗೂ ರಿಕಾಪಿನಲ್ಲಿ ಒಂದೊಂದು ಬೆರಳು ಜಾಗ ಇರಬೇಕು. ಇದನ್ನು ಮೊದಲ ದಿನ ಏರುವ ಮುಂಚೆಯೇ ನೋಡಿ, ಇಲ್ಲದಿದ್ದರೆ ಬೇರೆ ರಿಕಾಪು ಕೇಳಿ. ಕೇಳಲು ನಾಚಿಕೆ ಬೇಡ. ಮೊಣಕಾಲಿನವರೆಗಿನ ಉದ್ದ ಕಾಲುಚೀಲ ಹಾಕಿದರೆ ಪಿಂಡಲಿ ಉಳಿಯುತ್ತದೆ. ನಮ್ಮ ಕಡೆ ಉಂಬಳಕ್ಕೆಂದು (ಜಿಗಣೆಗೆಂದು) ಹಾಕುವ ದಪ್ಪ ಬಟ್ಟೆಯ ಕಾಲುಚೀಲವನ್ನೇ ತಮ್ಮ ಮೇಲಿನಿಂದ ಹಾಕಿಕೊಂಡ. ಚೆನ್ನಾಗಿಯೇ ನಡೆಯಿತು.

ಹೆಲ್ಮೆಟ್ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಬೈಕಿನ ಹೆಲ್ಮೆಟ್ ಮನೆಯಲ್ಲಿದೆ, ಐಎಸ್‌ಐ ಗುರುತೂ ಇದೆ, ಅದೇ ಸಾಕಲ್ವಾ ಎಂದು ಕೇಳುತ್ತಾರೆ. ಆ ಗುರುತಿನ ಐಎಸ್ 4151 ಮಾನದಂಡ ದ್ವಿಚಕ್ರ ವಾಹನಕ್ಕೆ ಮಾಡಿದ್ದು. ತೂಕ ಜಾಸ್ತಿ, ಕುತ್ತಿಗೆ ಸೋಲುತ್ತದೆ, ಕಿವಿ ಮುಚ್ಚುತ್ತದೆ. ಹಿಂದಿನವರು ಕೂಗಿದ್ದು ಕೇಳಬೇಕು, ಕುದುರೆಯ ಉಸಿರು ಬದಲಾದದ್ದು ಕೇಳಬೇಕು. ಸೈಕಲ್ ಹೆಲ್ಮೆಟ್ ಹಗುರ, ಗಾಳಿ ಆಡುತ್ತದೆ, ಆದರೆ ತಲೆಯ ಹಿಂಭಾಗ ಕೆಳಗಿನವರೆಗೆ ಮುಚ್ಚುವುದಿಲ್ಲ. ಏನೂ ಇಲ್ಲದಕ್ಕಿಂತ ಅದು ವಾಸಿ, ಅಷ್ಟೆ. ಸವಾರಿಗೇ ಮಾಡಿದ ಹೆಲ್ಮೆಟ್ಟಿನಲ್ಲಿ ಎಎಸ್‌ಟಿಎಂ ಎಫ್1163 ಅಥವಾ ಇಎನ್ 1384 ಎಂದು ಬರೆದಿರುತ್ತದೆ. ಅದನ್ನು ನೋಡಿ ಕೊಳ್ಳಿ. ಅಲ್ಲಿ ಬಾಡಿಗೆಗೆ ಕೊಡುವ ಹೆಲ್ಮೆಟ್ ಎಷ್ಟು ಸಲ ಬಿದ್ದಿದೆ ಎಂದು ನಮಗೆ ಗೊತ್ತಾಗುವುದಿಲ್ಲ. ಒಮ್ಮೆ ಜೋರಾಗಿ ಪೆಟ್ಟು ತಿಂದದ್ದು ಹೊರಗೆ ಚೆನ್ನಾಗಿ ಕಂಡರೂ ಮುಗಿಯಿತು. ಹೆಲ್ಮೆಟ್ ಕೆಳಗೆ ಪಾಣಿಪಂಚೆ ಸುತ್ತಿ ಕುತ್ತಿಗೆಯ ಮೇಲೆ ಇಳಿಬಿಟ್ಟರೆ ಬಿಸಿಲು ತಾಗುವುದಿಲ್ಲ. ತುದಿಯನ್ನು ಅಂಗಿಯೊಳಗೆ ಸಿಕ್ಕಿಸಿ, ಹಾರಾಡಲು ಬಿಡಬೇಡಿ.

ಪಾಣಿಪಂಚೆ ಎಂದಾಗ ನೆನಪಾಯಿತು, ಟರ್ಕಿ ಟವೆಲ್ ಒಯ್ಯಬೇಡಿ. ಮೈ ಬಟ್ಟೆಗೆ ಹತ್ತಿ ಬೇಡ ಎಂದೆ, ಇಲ್ಲಿ ಮಾತ್ರ ಹತ್ತಿಯೇ ಗೆಲ್ಲುತ್ತದೆ. ಆ ಒಣ ಗಾಳಿಗೆ ಪಾಣಿಪಂಚೆ ಹತ್ತು ನಿಮಿಷದಲ್ಲಿ ಒಣಗುತ್ತದೆ. ಮುಖಕ್ಕೆ ಧೂಳಿನ ಬಟ್ಟೆ, ಕೈ ಉಳುಕಿದರೆ ತೂಗು ಪಟ್ಟಿ, ಎಲ್ಲ ಅದೇ.

ಕೈಗವಸಿಗೆ ಜಾಸ್ತಿ ಯೋಚನೆ ಬೇಡ. ಕೃಷಿ ಸಾಮಾನಿನ ಅಂಗಡಿಯಲ್ಲಿ ಸಿಗುವ, ಅಂಗೈಗೆ ರಬ್ಬರ್ ಮೆತ್ತಿದ ನೂಲಿನ ಗವಸು ಲಗಾಮು ಹಿಡಿಯಲು ಚೆನ್ನಾಗಿದೆ. ಸಂಜೆಗೆ ಉಣ್ಣೆಯದು ಒಂದು ಜೊತೆ.

ಚೀಲಗಳು, ಮತ್ತು ಹಳೇ ಹೇರಿನ ಲೆಕ್ಕ

ಒಂದು ಕಾಲಕ್ಕೆ ಅರಬ್ ಕುದುರೆಗಳು ನಮ್ಮ ಭಟ್ಕಳ, ಹೊನ್ನಾವರದ ಬಂದರಿನಲ್ಲಿ ಇಳಿದು ವಿಜಯನಗರಕ್ಕೆ ಹೋಗುತ್ತಿದ್ದವು. ಈಗ ಜಿಲ್ಲೆಯಲ್ಲಿ ಕುದುರೆ ಕಾಣುವುದೇ ಅಪರೂಪ, ನಾನು ಸವಾರಿ ಕಲಿತದ್ದೂ ಬೆಂಗಳೂರಿನಲ್ಲಿ. ಆದರೆ ಪ್ರಾಣಿಯ ಬೆನ್ನ ಮೇಲೆ ಹೇರು ಕಟ್ಟುವುದು ನಮ್ಮ ಘಟ್ಟದವರಿಗೆ ಹೊಸದಲ್ಲ. ಅಡಿಕೆ, ಮೆಣಸು ಎತ್ತಿನ ಮೇಲೆ ಕೆಳಗೆ ಇಳಿಯುತ್ತಿತ್ತು, ಉಪ್ಪು ಮೇಲೆ ಬರುತ್ತಿತ್ತು. ಎರಡು ಬದಿ ಸಮ ಇಲ್ಲದ ಹೇರು ಎತ್ತಿನ ಬೆನ್ನು ಮುರಿಯುತ್ತದೆ ಎಂದು ಅಜ್ಜ ಹೇಳುತ್ತಿದ್ದ.

ಕುದುರೆಯ ಹಸುಬೆ ಚೀಲಕ್ಕೂ ಅದೇ. ಜೀನಿನ ಎರಡು ಬದಿಗೆ ಜೋತು ಬೀಳುವ ಜೋಡಿ ಚೀಲ ಅದು. ಎರಡನ್ನೂ ಕೈತಕ್ಕಡಿಯಲ್ಲಿ ತೂಗಿ ಸಮ ಮಾಡಿ. ಎರಡೂ ಸೇರಿ ನಾಲ್ಕು ಕೆಜಿ ದಾಟಬಾರದು ಎಂದು ನಾನು ಗೆರೆ ಹಾಕಿಕೊಂಡೆ. ಭಾರದ್ದು ತಳಕ್ಕೆ. ಮೂಲೆ ಇರುವ, ಚುಚ್ಚುವ ವಸ್ತು ಕುದುರೆಯ ಪಕ್ಕೆಯ ಕಡೆ ಬರಬಾರದು. ಸ್ಟೀಲ್ ಬಾಟಲಿ, ಡಬ್ಬಿ ಟಣಟಣ ಎನ್ನದ ಹಾಗೆ ಬಟ್ಟೆಯಲ್ಲಿ ಸುತ್ತಿ. ನಾನು ಜೋನಿ ಬೆಲ್ಲದ (ನೀರು ಬೆಲ್ಲದ) ಬಾಟಲಿ ಹಾಕಿದ್ದೆ. ಕುದುರೆ ಓಡಿದ ಹತ್ತೇ ನಿಮಿಷಕ್ಕೆ ಮುಚ್ಚಳ ಸಡಿಲಾಗಿ, ಕಾಲುಚೀಲ, ಟಾರ್ಚು, ನಕ್ಷೆ ಎಲ್ಲ ಅಂಟಂಟು. ಅಚ್ಚು ಬೆಲ್ಲ ಒಯ್ಯಿರಿ. ಕಾಗದದಷ್ಟು ತೆಳುವಾದ ಸಿಹಿ ತೊಡದೇವು ಮನೆಯವರಿಗೇ ಇರಲಿ, ಅಲ್ಲಿ ತಲುಪುವಷ್ಟರಲ್ಲಿ ಪುಡಿ.

ಬೆನ್ನಿಗೆ ಹಾಕುವ ಚೀಲವೇ ಸಾಕು ಎನ್ನುವವರಿದ್ದಾರೆ. ಐದು ಕೆಜಿ ಚೀಲ ನಡೆಯುವಾಗ ಗೊತ್ತಾಗದು. ಕುದುರೆಯ ಪ್ರತಿ ಹೆಜ್ಜೆಗೂ ಅದು ಹಾರಿ ಬೆನ್ನಿಗೆ ಬಡಿಯುತ್ತದೆ, ನಿಮ್ಮ ತೂಕವನ್ನು ಮೇಲಕ್ಕೆ ಎಳೆದು ಆಯ ತಪ್ಪಿಸುತ್ತದೆ, ಬಿದ್ದರೆ ಬೆನ್ನುಮೂಳೆಗೆ ಅದೇ ಏಟು. ಬೇಡ. ಉಳಿದ ಬಟ್ಟೆ, ಹಾಸಿಗೆ ಹೊರೆ ಕುದುರೆಗೆ. ಅದಕ್ಕೆ ಮೆತ್ತನೆ ಉರುಟು ಚೀಲ, ಹತ್ತು ಕೆಜಿ ಒಳಗೆ. ಸೂಟ್‌ಕೇಸು, ಗಾಲಿ ಚೀಲ ಬೇಡವೇ ಬೇಡ. ಒಳಗೆ ನೀರು ಹೋಗದಂತೆ ದಪ್ಪ ಗೊಬ್ಬರದ ಚೀಲವನ್ನು ತೊಳೆದು ಹಾಕಬಹುದು, ಅಥವಾ ರ‍್ಯಾಫ್ಟಿಂಗ್‌ನವರು ಬಳಸುವ ಬಾಯಿ ಸುತ್ತುವ ಚೀಲ. ಎರಡೂ ಒಂದೇ ಕೆಲಸ ಮಾಡುತ್ತವೆ. ನಾನು ಗೊಬ್ಬರದ ಚೀಲವನ್ನೇ ಹಾಕಿದ್ದೆ.

ಮೈಮೇಲೆ ಇರಬೇಕಾದದ್ದು ಈಗ ನನಗೆ ಬಾಯಿಪಾಠ. ಗಾಳಿ ತಡೆಯುವ ಜಾಕೆಟ್ಟು, ಮೈಮೇಲೆ ಅಥವಾ ಸೊಂಟಕ್ಕೆ ಬಿಗಿಯಾಗಿ. ಒಳಜೇಬಿನಲ್ಲಿ ಫೋನು. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಮೈ ಬಿಸಿಯಲ್ಲಿ ಉಳಿಯುತ್ತದೆ. ಸೀಟಿ, ಬೆಂಕಿಪೊಟ್ಟಣ, ಎರಡು ತುಂಡು ಬೆಲ್ಲ, ದಿನದ ಮಾತ್ರೆ, ಮಡಚುವ ಸಣ್ಣ ಚಾಕು. ಕತ್ತಿ ಒಯ್ಯಬೇಡಿ. ಕೊನೆಗೌಡರ ಮಾತು ಹೇಳಿದ್ದು ನಾನೇ, ಆದರೆ ಸೊಂಟದಲ್ಲಿ ಕತ್ತಿ ಇದ್ದು ಕುದುರೆಯಿಂದ ಬಿದ್ದರೆ ಗತಿಯೇನು? ಹಣೆಗೆ ಕಟ್ಟುವ ಟಾರ್ಚು ಕೈಟಾರ್ಚಿಗಿಂತ ಒಳ್ಳೆಯದು, ಎರಡು ಕೈ ಲಗಾಮಿಗೆ ಬೇಕು. ಇವೆಲ್ಲ ಜಿಪ್ ಇರುವ ಜೇಬಿನಲ್ಲಿ. ಪ್ಯಾಂಟಿನ ಹಿಂಜೇಬಿನಲ್ಲಿ ಏನೂ ಇರಬಾರದು.

ನಮ್ಮ ಕಾಡಿನಲ್ಲೇ ಸವಾರಿ ಮಾಡುವುದಾದರೆ

ಯಾರಾದರೂ ಕುದುರೆ ತಂದು ನಮ್ಮ ಘಟ್ಟದ ಬದಿಯಲ್ಲೇ ಎರಡು ದಿನ ತಿರುಗುತ್ತೀರಿ ಎಂದರೆ ಮೇಲಿನ ಪಟ್ಟಿಯ ಅರ್ಧ ತಲೆಕೆಳಗು. ಕಾಳಿ ಹುಲಿ ಸಂರಕ್ಷಿತ ಪ್ರದೇಶದಂಥ ಕಡೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ, ಅದು ಮೊದಲು. ಫ್ಲೀಸು, ದಪ್ಪ ಸ್ಲೀಪಿಂಗ್ ಬ್ಯಾಗು ಬೇಡ. ಹತ್ತಿ ಅಂಗಿ ನಡೆಯುತ್ತದೆ, ಉದ್ದ ತೋಳಿನದು ಇರಲಿ. ಬಣ್ಣ ತಿಳಿಯಾಗಿರಲಿ, ಉಣುಗು (ರಕ್ತ ಹೀರುವ ಸಣ್ಣ ಹುಳ) ಹತ್ತಿದರೆ ಕಾಣಬೇಕು. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಸಿದ್ದಾಪುರದ ಕಡೆ ಅದರ ಭಯ ಹೋಗಿಲ್ಲ. ಡಿಸೆಂಬರಿನಿಂದ ಮೇವರೆಗೆ ಹೋಗುವವರು ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಕೈಕಾಲಿಗೆ ಹಚ್ಚಿಕೊಳ್ಳಿ. ಸಂಜೆ ನಿಮ್ಮ ಮೈ ನೋಡಿಕೊಳ್ಳಿ, ಕುದುರೆಯ ಕಿವಿಯ ಒಳಗೂ ಬಾಲದ ಬುಡದಲ್ಲೂ ನೋಡಿ. ಮಳೆಗಾಲದಲ್ಲಿ ಉಂಬಳ. ಬೂಟಿನ ಮೇಲೆ ಹೊಗೆಸೊಪ್ಪು ಸುಣ್ಣ ಹಚ್ಚುವುದು ನಮಗೆ ಗೊತ್ತೇ ಇದೆ, ಆದರೆ ಅದು ಕುದುರೆಯ ಚರ್ಮಕ್ಕೆ ತಾಗದ ಹಾಗೆ ನೋಡಿಕೊಳ್ಳಿ.

ಹೊರಡುವ ಮುಂಚೆ ಅಡಿಕೆ ಮೂಟೆ

ಇಷ್ಟೆಲ್ಲ ಓದಿ ಕೊಂಡದ್ದು ಸರಿಯೋ ತಪ್ಪೋ ಎಂದು ಮನೆಯಲ್ಲೇ ತಿಳಿಯಲು ಒಂದು ದಾರಿ ಇದೆ. ತುಂಬಿದ ಅಡಿಕೆ ಮೂಟೆಯನ್ನು ಜಗಲಿಯ ಕಟ್ಟೆಯ ಮೇಲೆ ಉದ್ದಕ್ಕೆ ಮಲಗಿಸಿ. ಒಳಚಡ್ಡಿಯಿಂದ ಹೆಲ್ಮೆಟ್‌ವರೆಗೆ ಎಲ್ಲ ಹಾಕಿಕೊಂಡು, ಜೇಬೆಲ್ಲ ತುಂಬಿಕೊಂಡು, ಅದರ ಎರಡು ಬದಿಗೆ ಕಾಲು ಹಾಕಿ ಒಂದು ಗಂಟೆ ಕೂರಿ. ಅಡಿಕೆ ಬಿಡಿಸುತ್ತಲೋ ರೇಡಿಯೋ ಕೇಳುತ್ತಲೋ ಕೂರಿ. ಮೇಲೆ ಕೆಳಗೆ ಸ್ವಲ್ಪ ಆಡಿ. ಯಾವ ಹೊಲಿಗೆ ಚುಚ್ಚುತ್ತದೆ, ಯಾವ ಜೇಬು ಹೊಟ್ಟೆಗೆ ಒತ್ತುತ್ತದೆ, ಎಲ್ಲಿ ಅಂಗಿ ಮೇಲೆ ಸರಿಯುತ್ತದೆ, ಎಲ್ಲ ಗೊತ್ತಾಗುತ್ತದೆ. ನಾನು ವಾಪಸ್ ಬಂದ ಮೇಲೆ ಇದನ್ನು ಮಾಡಿ ನೋಡಿದೆ. ತಮ್ಮನ ಜೀನ್ಸಿನ ಹೊಲಿಗೆ ಇಪ್ಪತ್ತೇ ನಿಮಿಷಕ್ಕೆ ಸಿಕ್ಕಿಬಿತ್ತು.

ಆಮೇಲೆ ಮೂಟೆಯಿಂದ ಇಳಿದು, ಬೇರೆ ಏನನ್ನೂ ಮುಟ್ಟದೆ ನಾಲ್ಕು ಹೆಜ್ಜೆ ದೂರ ಹೋಗಿ ನಿಲ್ಲಿ. ಜೇಬು ತಡವಿ ನೋಡಿ. ಕುದುರೆ ಬರುವವರೆಗೆ ಒಂದು ಗಂಟೆ ಆ ಗಾಳಿಯಲ್ಲಿ ಕೂರಲು ಬೇಕಾದದ್ದು ಅಲ್ಲಿದ್ದರೆ ಹೊರಡಬಹುದು.